ಕುಲಾವಿ ಹಾಕಿದ ಗುಂಡುಕಲ್ಲು

ನಮ್ಮ ಮನೆಗೆ ಹೊಸದಾಗಿ ಬಂದವರು ನೀರು ಕುಡಿಯಲು ಅಡುಗೆಮನೆಗೆ ಹೋದರೆ ಒಂದು ಗಳಿಗೆ ತಡವಾಗಿಯೇ ಹೊರಗೆ ಬರುತ್ತಾರೆ. ಬಂದ ಮೇಲೆ ಏನನ್ನೋ ಕೇಳಬೇಕೆಂದು ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಾರೆ. ಅವರು ನೋಡಿದ್ದೇನೆಂದು ನನಗೆ ಗೊತ್ತು. ಒಲೆಗಟ್ಟೆಯ ಮೂಲೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ ಒಂದು ಗುಂಡುಕಲ್ಲು ಇದೆ. ಖಾರ ಅರೆಯುವ, ಶೇಂಗಾ ಕುಟ್ಟುವ ಸಾಧಾರಣ ಕರಿಕಲ್ಲು. ಆದರೆ ಅದರ ತಲೆಗೆ ಕೆಂಪು ಉಣ್ಣೆಯ ಕುಲಾವಿ, ಗದ್ದದ ಕೆಳಗೆ ಲಾಡಿಯ ಗಂಟು. ಕಲ್ಲಿಗೆ ಗದ್ದ ಎಲ್ಲಿಂದ ಬಂತು ಎಂದು ಕೇಳಬೇಡಿ. ಒಂದು ಸಂಜೆಯಿಡೀ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ನಾನು, ಅದರ ಮುಖ ನನಗೆ ಚೆನ್ನಾಗಿ ಗೊತ್ತಿದೆ.

ಅವ್ವ ಬೈಯುತ್ತಾಳೆ. ಚಟ್ನಿ ಕುಟ್ಟಬೇಕೆಂದರೆ ಮೊದಲು ಟೋಪಿ ಬಿಚ್ಚಬೇಕು, ಆಮೇಲೆ ತೊಳೆದು ಒರೆಸಿ ಮತ್ತೆ ಕಟ್ಟಬೇಕು, ಇದೆಂಥ ಹುಚ್ಚು ಸಂಸಾರ ಎನ್ನುತ್ತಾಳೆ. ಹುಚ್ಚೇ ಇರಬಹುದು. ಆದರೆ ಆ ಕಲ್ಲು ಇಲ್ಲದಿದ್ದರೆ ಈ ಸಂಸಾರವೇ ಇರುತ್ತಿರಲಿಲ್ಲ ಎಂದು ಅವ್ವನಿಗೆ ಹೇಳಲು ನನಗೆ ಇನ್ನೂ ನಾಚಿಕೆ. ನಿಮಗೆ ಹೇಳುತ್ತೇನೆ.

ಕಲ್ಲಿನ ವಿಷಯಕ್ಕೆ ಬರಲು ತೊಟ್ಟಿಲಿನಿಂದ ಶುರುಮಾಡಬೇಕು. ನನ್ನ ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುವವಳು, ಮದುವೆಯಾಗಿ ಕಬ್ಬೂರಿಗೆ ಬಂದಾಗ ತವರಿನಿಂದ ಒಂದು ತೂಗುತೊಟ್ಟಿಲು ತಂದಿದ್ದಳು. ಸಾಗವಾನಿ ಮರದ್ದು, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಒಂದು ಗಿಳಿಗೆ ಕೊಕ್ಕಿಲ್ಲ. ಅದನ್ನು ಕಚ್ಚಿ ಮುರಿದವನು ನಾನು ಎಂದು ಅಶ್ವಿನಿ ಹೇಳುತ್ತಾಳೆ, ಅವಳು ಎಂದು ನಾನು ಹೇಳುತ್ತೇನೆ. ಇಬ್ಬರೂ ಆಗ ಸಾಕ್ಷಿ ಹೇಳುವ ವಯಸ್ಸಿನವರಾಗಿರಲಿಲ್ಲ.

ಅಶ್ವಿನಿ ನಮ್ಮ ಪಕ್ಕದ ಮನೆಯ ಬಾಳಾಸಾಬ ಕಾಕಾನ ಮಗಳು, ನನಗಿಂತ ನಾಲ್ಕು ತಿಂಗಳು ಚಿಕ್ಕವಳು. ಅವಳು ಹುಟ್ಟಿದಾಗ ತೊಟ್ಟಿಲು ನಮ್ಮ ಮನೆಯಿಂದ ಅವರ ಮನೆಗೆ ಹೋಯಿತು. ನಾನು ಮೂರು ದಿನ ಅತ್ತೆನಂತೆ. ಕೊನೆಗೆ ನನ್ನನ್ನೂ ಒಯ್ದು ಅದೇ ತೊಟ್ಟಿಲಲ್ಲಿ ಅವಳ ಕಾಲ ಕಡೆಗೆ ಮಲಗಿಸಿದರಂತೆ. ಅಂದಿನಿಂದ ಇಡೀ ಓಣಿಯ ಬಾಯಲ್ಲಿ ನಾವಿಬ್ಬರು ಒಂದೇ ತೊಟ್ಟಿಲ ಕೂಸುಗಳು, ಎಂದರೆ ಅಣ್ಣ-ತಂಗಿ. ಅದೊಂದು ಮಾತಿನ ಬಲದ ಮೇಲೆ ನಾವು ಎಲ್ಲಿಗೆ ಕೂಡಿ ಹೋದರೂ ಯಾರೂ ಹುಬ್ಬೇರಿಸಲಿಲ್ಲ. ಎರಡು ಮನೆಯ ಹಿತ್ತಲಿನ ನಡುವಿನ ಗೋಡೆಯಲ್ಲಿ ಒಂದು ಇಟ್ಟಿಗೆ ತೆಗೆದ ಕಿಂಡಿ ಇತ್ತು. ಹೆಪ್ಪಿಗೆ ಮಜ್ಜಿಗೆ, ಸಾಲದ ಸಕ್ಕರೆ, ನನ್ನ ಗಣಿತದ ಉತ್ತರ ಎಲ್ಲ ಅದರಿಂದಲೇ ಓಡಾಡುತ್ತಿದ್ದವು. ಉತ್ತರಗಳು ಅವಳ ಕಡೆಯಿಂದ ಈಚೆಗೆ ಬರುತ್ತಿದ್ದವು ಎಂದು ಬೇರೆ ಹೇಳಬೇಕಿಲ್ಲ. ಸೈಕಲ್ಲನ್ನೂ ಅವಳೇ ತುಳಿಯುತ್ತಿದ್ದಳು. ನಾನು ಹಿಂದೆ ಕೂತು ಇಬ್ಬರ ಪಾಟಿಚೀಲ ಹಿಡಿದುಕೊಳ್ಳುತ್ತಿದ್ದೆ.

ದೊಡ್ಡವರಾದ ಮೇಲೆ ಆ ಅಣ್ಣ-ತಂಗಿಯ ಮಾತು ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಅವಳು ಕೃಷಿ ಡಿಪ್ಲೊಮಾ ಮುಗಿಸಿ ಅಪ್ಪನ ಕಬ್ಬು, ಎಮ್ಮೆ, ಪಿಕಪ್ ಗಾಡಿ ಎಲ್ಲದರ ಉಸ್ತುವಾರಿ ಹೊತ್ತುಕೊಂಡಳು. ನಾನು ಚಿಕ್ಕೋಡಿಯ ಒಂದು ಶಾಲೆಯಲ್ಲಿ ಗುಮಾಸ್ತನಾದೆ. ದಿನಾ ಸಂಜೆ ಕಿಂಡಿಯ ಹತ್ತಿರ ನಿಂತು ಏನಾದರೂ ಹೇಳಬೇಕೆಂದುಕೊಂಡು ಹವಾಮಾನದ ಬಗ್ಗೆ ಮಾತಾಡಿ ಬರುತ್ತಿದ್ದೆ. ಹೇಳಿದರೆ ಇರುವ ಸ್ನೇಹವೂ ಕೆಡುತ್ತದೆ, ಎರಡು ಮನೆಯವರು ಮುಖ ನೋಡದಂತಾಗುತ್ತದೆ ಎಂಬ ಹೆದರಿಕೆ ನನ್ನದು. ಹೆದರಿಕೆಗೆ ನಾನು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ.

ಮೂರು ವರ್ಷದ ಹಿಂದಿನ ಮಾತು. ನನ್ನ ಅಕ್ಕ ಭಾರತಿ ಹೆರಿಗೆಗೆ ಬಂದಿದ್ದಳು, ಗಂಡು ಕೂಸು ಹುಟ್ಟಿತ್ತು. ಹೆಸರಿಡುವ ದಿನಕ್ಕೆ ಎರಡು ದಿನ ಉಳಿದಾಗ ಆಯಿಗೆ ತೊಟ್ಟಿಲಿನ ನೆನಪಾಯಿತು. ಅದು ಆರು ವರ್ಷದ ಹಿಂದೆ ಭೋಜದ ಅತ್ತೆಯ ಮನೆಗೆ ಹೋದದ್ದು ಮರಳಿ ಬಂದಿರಲಿಲ್ಲ. ಒಂದು ಫೋನು ಮಾಡಿ ಕೇಳೋಣ ಎಂದೆ. ಆಯಿ ನನ್ನನ್ನು ಅವಿವೇಕಿಯನ್ನು ನೋಡುವಂತೆ ನೋಡಿದಳು. ತೊಟ್ಟಿಲನ್ನು ಫೋನಿನಲ್ಲಿ ಕೇಳುವುದೆಂದರೆ, ನಿಮ್ಮ ಮನೆಯಲ್ಲಿ ಇನ್ನು ಮಕ್ಕಳಾಗುವುದಿಲ್ಲವೇ ಎಂದು ಕೇಳಿದಂತೆ. ಮನೆಗೆ ಹೋಗಬೇಕು, ಕುಂಕುಮ ಕೊಡಬೇಕು, ತೆಂಗಿನಕಾಯಿ ಇಡಬೇಕು, ಆಮೇಲೆ ಬಾಯಿಬಿಡಬೇಕು. ಹೀಗೆ ಗಾಡಿಗೆ ಅಶ್ವಿನಿ, ತೆಂಗಿನಕಾಯಿಗೆ ನಾನು ಎಂದು ನಿಗದಿಯಾಯಿತು. ನನಗೆ ಗಾಡಿ ಬರುವುದಿಲ್ಲ. ಅವಳೇ ಒಮ್ಮೆ ಕಲಿಸಲು ಹೋಗಿ, ಅವರ ಕಬ್ಬಿನ ನಾಲ್ಕು ಸಾಲು ನಾನು ಕಟಾವು ಮಾಡಿದ ಮೇಲೆ ಆ ಆಸೆಯನ್ನು ಬಿಟ್ಟಿದ್ದಳು.

ಬೆಳಿಗ್ಗೆ ಹೊರಡುವ ಮುಂಚೆ ಬಾಳಾಸಾಬ ಕಾಕಾ ನನ್ನನ್ನು ಎಮ್ಮೆಯ ಕೊಟ್ಟಿಗೆಯ ಹಿಂದೆ ಕರೆದ. ಮಿರಜದ ಒಂದು ಮನೆತನದವರು ಅಶ್ವಿನಿಯನ್ನು ನೋಡಿ ಒಪ್ಪಿ ಹೋಗಿ ವಾರವಾಗಿತ್ತು. ಹುಡುಗ ಒಳ್ಳೆಯವನು, ನೌಕರಿ ಇದೆ.

"ನಮ್ಮ ಮುಂದ ಆಕಿ ಬಾಯಿ ಬಿಡವಲ್ಲಳು. ನೀ ಅಣ್ಣ ಇದ್ದಂಗ. ದಾರ್ಯಾಗ ಸಹಜ ಕೇಳು, ಹುಡುಗ ಪಸಂದ ಅದಾನೋ ಇಲ್ಲೋ. ಸಂಜಿಗೆ ನಾ ಅವರಿಗೆ ಫೋನ್ ಹಚ್ಚಬೇಕು" ಎಂದ.

ಆಯಿತು ಎಂದೆ. ಬೇರೆ ಏನನ್ನಬೇಕಿತ್ತು ಎಂದು ಈಗ ಹತ್ತು ಉತ್ತರ ಹೊಳೆಯುತ್ತವೆ. ಅಂದು ಆಯಿತು ಎಂದೆ.

ನಿಪ್ಪಾಣಿಯವರೆಗೆ ನಾನು ಬಾಯಿ ಬಿಡಲಿಲ್ಲ. ಅಲ್ಲಿ ಅವಲಕ್ಕಿ ತಿಂದು, ಈಗ ಕೇಳಿಯೇಬಿಡುತ್ತೇನೆ ಎಂದು ಗಂಟಲು ಸರಿಮಾಡಿಕೊಂಡರೆ ಪೇಟೆಯ ತಂಬಾಕಿನ ಘಾಟು ಮೂಗಿಗೆ ಹೊಡೆದು ಒಂದರ ಹಿಂದೆ ಒಂದು ಐದು ಸೀನು ಬಂದವು. ಇಂಥ ಮಾತು ಶುರುಮಾಡುವಾಗ ಒಂದು ಸೀನೇ ಅಪಶಕುನ, ಐದು ಬಂದರೆ ಮುಗಿಯಿತು. ಮಾತನ್ನು ಮುಂದೂಡಲು ಅಷ್ಟು ಒಳ್ಳೆಯ ಕಾರಣ ಸಿಕ್ಕಿದ್ದಕ್ಕೆ ನನಗೆ ಸಮಾಧಾನವೇ ಆಯಿತು.

ಭೋಜದಲ್ಲಿ ಅತ್ತೆ ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಉಪಚಾರ ಮಾಡಿದಳು. ತೊಟ್ಟಿಲು ಎಂದ ಕೂಡಲೇ ಅವಳ ಕಣ್ಣು ಅಶ್ವಿನಿಯ ಹೊಟ್ಟೆಯ ಮೇಲೆ ಹೋಯಿತು. ಕೂಸು ಭಾರತಿಯದು ಎಂದು ನಾನು ಮೂರು ಸಲ ಹೇಳಬೇಕಾಯಿತು. ಅಷ್ಟಾದ ಮೇಲೆ ತಿಳಿದದ್ದು ಏನೆಂದರೆ, ತೊಟ್ಟಿಲು ಅಲ್ಲಿಲ್ಲ, ರಾಯಬಾಗಕ್ಕೆ ಅತ್ತೆಯ ನಾದಿನಿಯ ಮನೆಗೆ ಹೋಗಿದೆ. ನಮ್ಮ ತೆಂಗಿನಕಾಯಿ ಮಾತ್ರ ಅಲ್ಲೇ ಉಳಿಯಿತು.

ಭೋಜದಿಂದ ರಾಯಬಾಗಕ್ಕೆ ಹೋಗಬೇಕೆಂದರೆ ನಮ್ಮೂರಿನ ಮೇಲೆಯೇ ಹಾದುಹೋಗಬೇಕು. ಕಬ್ಬೂರಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕಾಕಾ ಕೂತಿದ್ದ. ನಮ್ಮ ಗಾಡಿ ಕಂಡೊಡನೆ ನನ್ನತ್ತ ಅಂಗೈ ತಿರುವಿ, ಏನಾಯಿತು ಎಂದು ಸನ್ನೆಯಲ್ಲಿ ಕೇಳಿದ. ನಾನು ಇನ್ನೂ ಇಲ್ಲ ಎಂದು ಕೈ ಆಡಿಸಿದೆ. ಅಶ್ವಿನಿ ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಅಪ್ಪ ಏನು ಕೇಳಿದ ಎಂದಳು. ತೊಟ್ಟಿಲು ಸಿಕ್ಕಿತೇ ಎಂದು ಕೇಳಿದ ಎಂದೆ. ಅವಳು ಹೂಂ ಎಂದಳು. ಅವಳ ಹೂಂಗಳನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಅದು ನಂಬಿದ ಹೂಂ ಆಗಿರಲಿಲ್ಲ.

ರಾಯಬಾಗದಲ್ಲಿ ಇನ್ನೊಂದು ತೆಂಗಿನಕಾಯಿ ಖರ್ಚಾಯಿತು. ತೊಟ್ಟಿಲು ಅಲ್ಲಿಂದ ಅಥಣಿ ಕಡೆಯ ಐಗಳಿಗೆ ದಾಟಿತ್ತು. ಅದನ್ನು ಯಾರೂ ಕದ್ದವರಲ್ಲ, ಬಚ್ಚಿಟ್ಟವರೂ ಅಲ್ಲ. ಮಕ್ಕಳು ಹುಟ್ಟಿದ ಮನೆಯಿಂದ ಹುಟ್ಟುವ ಮನೆಗೆ ಅದು ತಾನಾಗಿ ನಡೆದುಕೊಂಡು ಹೋಗಿತ್ತು, ಅಷ್ಟೇ. ಕುಡಚಿಯ ಹತ್ತಿರ ಕೃಷ್ಣೆಯನ್ನು ದಾಟುವಾಗ ಎದುರಿಗೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದರಲ್ಲೂ ಕಿವಿ ಒಡೆಯುವ ಹಾಡು. ಅಶ್ವಿನಿ ಗಾಡಿ ನಿಲ್ಲಿಸಿ, ಕೈ ಹೊರಗೆ ಚಾಚಿ ಒಂದು ಗಳ ಕಬ್ಬು ಎಳೆದುಕೊಂಡಳು. ಹಲ್ಲಿನಿಂದ ಸಿಪ್ಪೆ ಸುಲಿದು ಎಳೆಯ ತುದಿಯನ್ನು ತಾನಿಟ್ಟುಕೊಂಡು, ಸಿಹಿಯಾದ ಬುಡದ ಕಡೆಯನ್ನು ನನಗೆ ಕೊಟ್ಟಳು. ಶಾಲೆಯ ಎರಡನೆಯ ಇಯತ್ತೆಯಿಂದಲೂ ಅವಳು ಹಾಗೆಯೇ ಕೊಡುತ್ತ ಬಂದಿದ್ದಾಳೆ. ಮಿರಜದವನಿಗೂ ಹೀಗೆಯೇ ಕೊಡುತ್ತಾಳೇನೋ ಎಂದು ನೆನೆದೆ. ಕಬ್ಬು ಅಗಿಯುವ ನೆಪದಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಅಥಣಿಯಲ್ಲಿ ಊಟ ಮಾಡಿ ಐಗಳಿ ತಲುಪಿದಾಗ ಬಿಸಿಲು ನೆತ್ತಿಯಿಂದ ಸ್ವಲ್ಪ ಸರಿದಿತ್ತು. ಆ ಮನೆಯವರು ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿದ್ದರು. ಬಲೆಗಳ ಮೇಲೆ ಹಸಿರು ದ್ರಾಕ್ಷಿ ಮೆಲ್ಲಗೆ ಮನೂಕಾ ಆಗುತ್ತಿತ್ತು. ತೆಂಗಿನಕಾಯಿ ತೆಗೆದುಕೊಂಡ ಗೃಹಿಣಿ, ತೊಟ್ಟಿಲು ಹೋದ ವರ್ಷವೇ ಕಾಗವಾಡಕ್ಕೆ, ನಮ್ಮ ದೊಡ್ಡಾಯಿಯ ಮೊಮ್ಮಗನ ಕೂಸಿಗೆ ಹೋಯಿತು ಎಂದಳು. ದೊಡ್ಡಾಯಿ ಎಂದರೆ ನಮ್ಮ ಆಯಿಯ ಖಾಸಾ ಅಕ್ಕ. ಕೈಯಲ್ಲಿ ಮನೂಕಾ ಹಿಡಿದು ಗಾಡಿಯ ನೆರಳಿಗೆ ನಿಂತಾಗ ನಾನು ಲೆಕ್ಕ ಹಾಕಿದೆ. ಇನ್ನು ಉಳಿದದ್ದು ಕಾಗವಾಡ ಒಂದೇ. ಅದರಾಚೆ ಮನೆ, ಕಾಕಾ, ಫೋನು.

"ಅಶ್ವಿ, ಆ ಮಿರಜದ ಹುಡುಗ ನಿನಗ ಹ್ಯಾಂಗ ಅನಸ್ತಾನ?"

ಅವಳು ಮನೂಕಾದ ತೊಟ್ಟು ಬಿಡಿಸುತ್ತಿದ್ದವಳು ನಿಲ್ಲಿಸಿದಳು. "ಅಪ್ಪ ಕೇಳಂದಾನೋ, ನೀನ ಕೇಳಾಕತ್ತೀಯೋ?"

ಹೇಡಿಗೆ ದೇವರು ಒಂದೇ ಒಂದು ಬಾಗಿಲು ತೆರೆದಾಗಲೂ ಅವನು ಕಿಟಕಿಯಿಂದ ಹಾರುತ್ತಾನೆ. "ಕಾಕಾ ಕೇಳಂದಾನ" ಎಂದೆ.

"ಹಂಗಾದ್ರ ಅಪ್ಪಗ ನಾನ ಹೇಳ್ತೇನಿ" ಎಂದು ಅವಳು ಗಾಡಿ ಹತ್ತಿದಳು. ಕಾಗವಾಡದವರೆಗೆ ಗಾಡಿ ಎಲ್ಲ ಗುಂಡಿಗಳನ್ನೂ ಹುಡುಕಿ ಹುಡುಕಿ ಹಾರಿತು. ಆಗ ನನಗೆ ಗೊತ್ತಾಯಿತು, ನಾನು ಈ ದಿನ ತೊಟ್ಟಿಲನ್ನು ತೆಗೆದುಕೊಂಡು ಹೋಗುತ್ತೇನೆ, ಇವಳನ್ನು ಕಳೆದುಕೊಂಡು ಹೋಗುತ್ತೇನೆ. ಕಣ್ಣಿಗೆ ಧೂಳು ಬಿತ್ತೆಂದು ಎರಡು ಸಲ ಒರೆಸಿಕೊಂಡೆ.

ದೊಡ್ಡಾಯಿಗೆ ಎಂಬತ್ತು ದಾಟಿದೆ. ಕಣ್ಣು ಮಂದ, ಉಳಿದದ್ದೆಲ್ಲ ಚುರುಕು. ತೊಟ್ಟಿಲು ಪಡಸಾಲೆಯಲ್ಲೇ ಇತ್ತು, ಕೊಕ್ಕಿಲ್ಲದ ಗಿಳಿಯ ಸಮೇತ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ನೋಡಿದಳು, ನನ್ನ ಗುರುತು ಹಿಡಿದಳು, ಅಶ್ವಿನಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಬಾಳಾಸಾಬನ ಮಗಳಲ್ಲವೇ, ಇವನೂ ನೀನೂ ಕೂಡಿ ಇದರಲ್ಲಿ ಮಲಗಿದವರಲ್ಲವೇ ಎಂದು ನಕ್ಕಳು.

ಆಗ ಅಶ್ವಿನಿ, ಎಂದೂ ಯಾರ ಮುಂದೆಯೂ ದನಿ ತಗ್ಗಿಸದ ಅಶ್ವಿನಿ, ನೆಲ ನೋಡುತ್ತ ಹೇಳಿದಳು, "ಹೌದ್ರಿ ಆಯಿ. ಅದಕ್ಕ ಎಲ್ಲಾರೂ ನಮಗ ಅಣ್ಣ-ತಂಗಿ ಅಂತಾರ."

ಅವಳು ಅದನ್ನು ದೂರಿನಂತೆ ಹೇಳಿದಳು. ನನ್ನ ಗಂಟಲಲ್ಲಿ ಇಷ್ಟು ವರ್ಷ ಸಿಕ್ಕಿಕೊಂಡದ್ದು ಅವಳ ಗಂಟಲಲ್ಲೂ ಇತ್ತೆಂದು ನನಗೆ ಆ ಕ್ಷಣದಲ್ಲಿ ತಿಳಿಯಿತು.

ದೊಡ್ಡಾಯಿ ತೆಂಗಿನಕಾಯಿ ಕೆಳಗಿಟ್ಟಳು. "ಯಾರ ಅನ್ನವರು? ನನ್ನ ಗಂಡ ಅಂದ್ರ ನನ್ನ ಸ್ವಾದರತ್ತಿ ಮಗ. ಅತ್ತಿ ಬಾಣಂತನಕ್ಕ ನಮ್ಮ ಮನಿಗೇ ಬಂದಿದ್ಲು. ಅವಗೂ ಇದರಾಗ ಹೆಸರ ಇಟ್ಟಾರ, ಎಂಟ ವರ್ಷದ ಮ್ಯಾಲೆ ನನಗೂ ಇದರಾಗ ಹೆಸರ ಇಟ್ಟಾರ. ಒಂದ ತೊಟ್ಟಲಾಗ ಮಲಗಿದವರು ಅಣ್ಣ-ತಂಗಿ ಆಗೂದಿದ್ರ, ನನ್ನ ಆರ ಮಕ್ಕಳಿಗೆ ನಾ ಏನಂತ ಹೇಳಲಿ?"

ನಾನು ನಗಬೇಕೆಂದು ಹೋದೆ, ಅದು ಅಳುವಿನಂತೆ ಕೇಳಿಸಿತು. ಅಶ್ವಿನಿ ನಗಲಿಲ್ಲ, ತೊಟ್ಟಿಲಿನ ಗಿಳಿಯನ್ನು ವೇಲಿನ ತುದಿಯಿಂದ ಒರೆಸುತ್ತ ನಿಂತಳು. ಎದೆಯ ಮೇಲಿನ ಎಷ್ಟೋ ವರ್ಷದ ಭಾರ ಇಳಿದು ಹಗುರಾಗಿ ನಿಂತಿದ್ದೆ. ಮರುಗಳಿಗೆಗೆ ದೊಡ್ಡಾಯಿ ಇನ್ನೊಂದು ಭಾರ ಕೈಗಿಟ್ಟಳು.

ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುವುದು ನಮ್ಮ ಕಡೆಯ ಪದ್ಧತಿ. ಕಲ್ಲಿಗೆ ಕುಂಕುಮ ಹಚ್ಚಿ, ಕುಲಾವಿ ಕಟ್ಟಿ, ಹೆಂಗಸರು ಅದನ್ನು ತೊಟ್ಟಿಲ ಕೆಳಗಿನಿಂದ ಮೇಲಿನಿಂದ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಾರೆ. ಕೂಸು ಕಲ್ಲಿನಷ್ಟು ಗಟ್ಟಿಯಾಗಲಿ ಎಂದು. ದೊಡ್ಡಾಯಿಯ ಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ. ಖಾಲಿ ತೊಟ್ಟಿಲು ದಾರಿ ನಡೆಯಬಾರದು. ಅವಳು ತನ್ನ ಅಡುಗೆಮನೆಯ ಗುಂಡುಕಲ್ಲನ್ನೇ ತೊಳೆದು, ಮರಿಮಗನ ಕೆಂಪು ಕುಲಾವಿ ಕಟ್ಟಿ, ದುಪ್ಪಟಿಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಹೆಸರಿಟ್ಟ ಮೇಲೆ ಮರಳಿ ತಂದುಕೊಡಿ, ಅಲ್ಲಿಯವರೆಗೆ ನಮಗೆ ಚಟ್ನಿ ಇಲ್ಲ ಎಂದಳು. ಆದರೆ ಗಾಡಿ ಒಂದು ಫರ್ಲಾಂಗು ಹೋಗುವುದರಲ್ಲಿ ಕಲ್ಲು ತೊಟ್ಟಿಲಿನ ತಳ ಒಡೆಯುವಂತೆ ಕುಣಿಯಿತು. ನಾನು ಇಳಿದು ಅದನ್ನು ಎತ್ತಿ ತಂದು ತೊಡೆಯ ಮೇಲಿಟ್ಟುಕೊಂಡೆ.

ಮಾಂಜರಿ ಸೇತುವೆ ದಾಟಿ ಅಂಕಲಿಯ ಹತ್ತಿರ ಚಹಾಕ್ಕೆ ನಿಂತೆವು. ಗಾಡಿಗೇ ಚಹಾ ತಂದ ಹೆಂಗಸು ಹಿಂದೆ ಕಟ್ಟಿದ ತೊಟ್ಟಿಲು ನೋಡಿದಳು, ನನ್ನ ತೋಳಿನ ಕೆಂಪು ಕುಲಾವಿ ನೋಡಿದಳು, ಕಡೆಗೆ ನನ್ನನ್ನು ಕೆಕ್ಕರಿಸಿ ನೋಡಿದಳು. ಕೂಸಿನ ಮುಖದ ಮೇಲೆ ಹೀಗೆ ದುಪ್ಪಟಿ ಎಳೆದರೆ ಅದು ಉಸಿರಾಡುವುದು ಹೇಗೆ ಎಂದು ಬೈದಳು. ನಾನು ತಡವರಿಸುತ್ತಿದ್ದೆ. ಅಶ್ವಿನಿ ಚಹಾ ಊದುತ್ತ, ನನ್ನ ಕಡೆ ನೋಡದೆ ಹೇಳಿದಳು, "ಅವರಪ್ಪಗ ಅಷ್ಟ ತಿಳಿಯೂದಿಲ್ರಿ."

ಹೆಂಗಸು ಗೊಣಗುತ್ತ ಹೋದಳು. ನನ್ನ ಕೈಯ ಚಹಾ ಕಲ್ಲಿನ ಮೇಲೆ ಚೆಲ್ಲಿತು.

"ಅಶ್ವಿ, ಐಗಳ್ಯಾಗ ಕೇಳಿದ್ದು ಕಾಕಾನ ಮಾತು. ಈಗ ನಾ ಕೇಳಾಕತ್ತೇನಿ."

"ಕೇಳು."

"ಮಿರಜಕ ಹೋಗಬ್ಯಾಡ."

"ಇದು ಕೇಳಿದಂಗ ಆಗಲಿಲ್ಲ."

"ನನ್ನ ಮದವಿ ಆಗ್ತೀಯೇನು?"

ಅವಳು ಲೋಟ ಖಾಲಿ ಮಾಡಿದಳು. "ಕೂಸಿನ ನೆಟ್ಟಗ ಹಿಡಿ, ಬೀಳತೈತಿ" ಎಂದಳು. ಹಿಡಿದೆ. ಆಮೇಲೆ ಗಾಡಿ ಚಾಲೂ ಮಾಡಿ, ಕನ್ನಡಿ ಸರಿಮಾಡಿಕೊಂಡು ಹೇಳಿದಳು, "ಆಗ್ತೇನಿ. ಆದ್ರ ಅಪ್ಪಗ ನೀನ ಹೇಳಬೇಕು. ಉತ್ತರ ತಾ ಅಂತ ಕಳಿಸಿದ್ದು ನಿನ್ನ."

ಚಿಕ್ಕೋಡಿಯಿಂದ ಕಬ್ಬೂರಿನವರೆಗಿನ ದಾರಿ ನನಗೆ ನೆನಪಿಲ್ಲ. ಸಂತೋಷ, ಹೆದರಿಕೆ ಎರಡೂ ಒಂದೇ ಸೀಟಿನಲ್ಲಿ ಕೂತಿದ್ದವು, ನಡುವೆ ಕಲ್ಲು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಕಾಕಾ ಕಟ್ಟೆಯ ಮೇಲೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಅಶ್ವಿನಿ ಹಗ್ಗ ಬಿಚ್ಚುವ ನೆಪದಲ್ಲಿ ಗಾಡಿಯ ಹಿಂದೆ ನಿಂತಳು. ನಾನು ಗುಂಡುಕಲ್ಲನ್ನು ಎದೆಗವುಚಿಕೊಂಡು ಕಾಕಾನ ಮುಂದೆ ಹೋದೆ. ಅವಳಿಗೆ ಮಿರಜದ ಹುಡುಗ ಬೇಡವಂತೆ ಎಂದೆ. ಯಾಕೆ ಎಂದ. ಬೇರೆ ಒಬ್ಬ ಇದ್ದಾನಂತೆ ಎಂದೆ. ಕಾಕಾನ ಮುಖ ಗಟ್ಟಿಯಾಯಿತು. ಯಾರು ಎಂದ. ಕಲ್ಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ನಾನು ಎಂದೆ.

ಕಾಕಾ ತೊಡೆಯ ಮೇಲಿನ ಫೋನನ್ನು ತೆಗೆದು ಕಟ್ಟೆಯ ಮೇಲಿಟ್ಟ. ಅಷ್ಟರಲ್ಲಿ ನಾನು ಎರಡು ಮನೆಯ ಸ್ನೇಹ, ಆಯಿಯ ಮರ್ಯಾದೆ, ಗೋಡೆಯ ಕಿಂಡಿ ಎಲ್ಲವನ್ನೂ ಮನಸ್ಸಿನಲ್ಲೇ ಕಳೆದುಕೊಂಡೆ. ಒಂದೇ ತೊಟ್ಟಿಲಲ್ಲಿ ಮಲಗಿದವರು ನೀವು ಎಂದ ಕೊನೆಗೆ. ಅದಕ್ಕೆ ನಾನು ದೊಡ್ಡಾಯಿಯ ಮಾತು ಹೇಳಿದೆ. ಕಾಕಾ ನನ್ನನ್ನು ನಂಬಲಿಲ್ಲ. ಅಲ್ಲೇ ಕಾಗವಾಡಕ್ಕೆ ಫೋನು ಹಚ್ಚಿ, ತನ್ನ ಕಿವಿ ಮಂದವೆಂದು ಸ್ಪೀಕರಿಗೆ ಹಾಕಿದ. ದೊಡ್ಡಾಯಿ ತನ್ನ ಆರು ಮಕ್ಕಳ ಮಾತನ್ನು ಮತ್ತೊಮ್ಮೆ ಇಡೀ ಓಣಿಗೆ ಕೇಳಿಸುವಂತೆ ಹೇಳಿದಳು. ನಮ್ಮ ಮನೆಯ ಬಾಗಿಲಲ್ಲಿ ನಿಂತ ಆಯಿ ಬಾಯಿಗೆ ಸೆರಗು ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಆ ಮಬ್ಬಿನಲ್ಲಿ ಗೊತ್ತಾಗಲಿಲ್ಲ.

ಕಾಕಾ ಎದ್ದು ಸ್ವಲ್ಪ ದೂರ ಹೋಗಿ ಮಿರಜಕ್ಕೆ ಫೋನು ಮಾಡಿದ. ಮರಾಠಿಯಲ್ಲಿ, ಬಹಳ ವಿನಯದಿಂದ, ಕ್ಷಮೆ ಇರಲಿ, ನಮ್ಮ ಹುಡುಗಿಗೆ ಊರಲ್ಲೇ ಗಂಡು ಗೊತ್ತಾಗಿದೆ ಎಂದ. ನಾನು ಕಲ್ಲಿನ ಸಮೇತ ಕಟ್ಟೆಯ ಮೇಲೆ ಕೂತೆ. ಕಾಕಾ ಮರಳಿ ಬಂದು ನನ್ನ ಪಕ್ಕ ಕೂತ.

"ಐದ ತಾಲೂಕ ತಿರಗಬೇಕಾತೇನಪಾ ಇದನ್ನ ಹೇಳಾಕ? ನಡಕ ಒಂದ ಗ್ವಾಡಿ ಇತ್ತು" ಎಂದ.

ನಿಪ್ಪಾಣಿ, ಕಾಗವಾಡ ಬೇರೆ ತಾಲೂಕಾಗುವ ಮುಂಚೆಯಾಗಿದ್ದರೆ ಮೂರಕ್ಕೇ ಮುಗಿಯುತ್ತಿತ್ತು ಎಂದು ಹೇಳಬೇಕೆನಿಸಿತು.

ಹೆಸರಿಡುವುದು ಚೆನ್ನಾಗಿ ಆಯಿತು. ಎಂಟನೆಯ ದಿನ ಕಲ್ಲು ಮರಳಿಸಲು ಇಬ್ಬರೂ ಕಾಗವಾಡಕ್ಕೆ ಹೋದರೆ, ಮೊಮ್ಮಗ ಮಿಕ್ಸರ್ ತಂದಿದ್ದಾನೆ, ನೀವೇ ಇಟ್ಟುಕೊಳ್ಳಿ ಎಂದಳು ದೊಡ್ಡಾಯಿ. ಆದರೆ ನನಗೆ ನೆನಪಿರುವುದು ಆ ಮೊದಲ ಸಂಜೆಯೇ. ಕಲ್ಲನ್ನು ಒಳಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಹಿತ್ತಲಿಗೆ ಕೈಕಾಲು ತೊಳೆಯಲು ಹೋಗಿದ್ದೆ. ಗೋಡೆಯ ಕಿಂಡಿಯಿಂದ ಒಂದು ಕೈ ಈಚೆಗೆ ಬಂತು. ಗಾಡಿಯಲ್ಲಿ ಬಿದ್ದುಹೋಗಿದ್ದ ಕೆಂಪು ಕುಲಾವಿ ಅದರಲ್ಲಿತ್ತು.

"ತಗೋ, ಹಾಕು. ಕೂಸಿಗೆ ಥಂಡಿ ಆದೀತು."

ಹೋಗಿ ಹಾಕಿದೆ. ಚಟ್ನಿ ಕುಟ್ಟುವ ಹೊತ್ತೊಂದನ್ನು ಬಿಟ್ಟರೆ, ಇಂದಿಗೂ ತೆಗೆದಿಲ್ಲ.